ಲೆಫ್ಟಿಯನ್ನು ಯಾರೂ ಕೊಲ್ಲಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ರಾತ್ರಿ ಟಿ.ವಿ.ಯಲ್ಲಿ 1997ರ ‘ಡಾನಿ ಬ್ರಾಸ್ಕೋ’ ಚಿತ್ರ ನೋಡಿದೆವು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ ಜೋಸೆಫ್ ಪಿಸ್ಟೋನ್ ಆಭರಣ ಕಳ್ಳನ ಸೋಗು ಹಾಕಿ ನ್ಯೂಯಾರ್ಕಿನ ಬೊನಾನೊ ಎಂಬ ಮಾಫಿಯಾ ಗುಂಪಿನೊಳಗೆ ಸೇರಿಕೊಂಡ ನಿಜ ಪ್ರಸಂಗವೇ ಅದರ ಮೂಲ. ಕೊನೆಯಲ್ಲಿ, ಅವನನ್ನು ನಂಬಿ ಒಳಗೆ ಬಿಟ್ಟುಕೊಂಡಿದ್ದ ಲೆಫ್ಟಿಗೆ ಕರೆ ಬರುತ್ತದೆ. ಮೈಮೇಲಿನ ಒಡವೆಗಳನ್ನು ಬಿಚ್ಚಿ, ಮನೆಯವರ ಕೈಗೆ ಸಿಗುವಂತೆ ಡ್ರಾಯರಿನಲ್ಲಿಟ್ಟು ಹೊರಡುತ್ತಾನೆ. ಸಾಯಲು ಹೊರಟಿದ್ದಾನೆಂದು ಯಾರಿಗಾದರೂ ತಿಳಿಯುತ್ತದೆ. “ನಂಬಿದವನನ್ನೇ ಕೊಲ್ಲಿಸಿದ ದ್ರೋಹಿ” ಎಂದರು ನಮ್ಮ ಅಳಿಯಂದಿರು. ನಮ್ಮ ಯಜಮಾನರು ಮಾತಾಡದೆ ಎದ್ದು ಹೋಗಿ ಮಲಗಿಬಿಟ್ಟರು.

ಅವರು ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಒಮ್ಮೆ ಹದಿನಾಲ್ಕು ತಿಂಗಳು ಮಫ್ತಿಯಲ್ಲಿ ಮಟ್ಕಾ ದಂಧೆಯವರ ನಡುವೆ ಇದ್ದರು. ಕೂದಲು, ಗಡ್ಡ ಬಿಟ್ಟರು. ಬೂಟು, ಕಾಲುಚೀಲದ ಗುರುತು ಮಾಸಲೆಂದು ತಿಂಗಳುಗಟ್ಟಲೆ ಹವಾಯಿ ಚಪ್ಪಲಿಯಲ್ಲೇ ಬಿಸಿಲಿನಲ್ಲಿ ತಿರುಗಿದರು. ಲಾರಿಯಲ್ಲಿ ಕ್ಲೀನರ್ ಎಂದು ನೆರೆಯವರಿಗೆ ಹೇಳಿದವಳು ನಾನು. ಮಗಳನ್ನು ಒಂದನೇ ತರಗತಿಗೆ ಸೇರಿಸುವಾಗ ತಂದೆಯ ಕಸುಬಿನ ಜಾಗದಲ್ಲಿ ಅದನ್ನೇ ಬರೆಸಿದೆ; ಮತ್ತೆ ತಿದ್ದಿಸಲೇ ಇಲ್ಲ. ಆ ಗುಂಪಿನವನೊಬ್ಬ ಯಜಮಾನರನ್ನು ಯುಗಾದಿಗೆ ಮನೆಗೆ ಕರೆದು ಹೋಳಿಗೆ ಬಡಿಸಿದ್ದ. ಅವನಿಗೆ ಶಿಕ್ಷೆಯಾದ ದಿನ ಅವನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಇವರನ್ನು ತಡೆದು, “ಉಂಡ ಮನೆಗೆ ಎರಡು ಬಗೆದೆಯಲ್ಲೋ” ಎಂದಳಂತೆ. ಇವರು ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಇಂದಿಗೂ ಯುಗಾದಿಯ ದಿನ ಹೋಳಿಗೆ ಮುಟ್ಟುವುದಿಲ್ಲ.

ಆದ್ದರಿಂದಲೇ ಈ ಪತ್ರ. ನಿಜದ ಲೆಫ್ಟಿ ಹಾಗೆ ಸಾಯಲಿಲ್ಲ. ಮರುದಿನ ಮಗಳು ಹುಡುಕಿ ಓದಿ ಹೇಳಿದಳು: 1981ರ ಜುಲೈನಲ್ಲಿ ಪಿಸ್ಟೋನ್ ಅವರನ್ನು ಹೊರಗೆ ಕರೆಸಿಕೊಂಡ ಮೇಲೆ, ಮಾಫಿಯಾದವರು ಲೆಫ್ಟಿಯನ್ನು ಮುಗಿಸುವ ಮುನ್ನ ಎಫ್‌ಬಿಐ ಅವನನ್ನು ಬಂಧಿಸಿತು. ಜೈಲೇ ಅವನ ಜೀವ ಕಾಯಿತು. 1992ರಲ್ಲಿ ಬಿಡುಗಡೆಯಾಗಿ, 1994ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಪಿಸ್ಟೋನ್ ಅವರನ್ನು ಹತ್ತಿರ ಸೇರಿಸಿಕೊಂಡಿದ್ದ ಇನ್ನೊಬ್ಬ, ಸನ್ನಿ ಬ್ಲ್ಯಾಕ್, 1981ರ ಆಗಸ್ಟ್‌ನಲ್ಲೇ ಕೊಲೆಯಾದದ್ದು ನಿಜ. ಅದನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಕೊಂದವರು ಅವನದೇ ಗುಂಪಿನವರು. ಪಿಸ್ಟೋನ್ ಅವರ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವರ ಹೆಂಡತಿ, ಮೂವರು ಹೆಣ್ಣುಮಕ್ಕಳು ಊರು ಬಿಟ್ಟು ಊರಿಗೆ ಹೋಗಿ ಬದುಕಬೇಕಾಯಿತು. ಆ ಹೆಂಗಸು ನೆರೆಯವರಿಗೆ ಏನೆಂದು ಹೇಳುತ್ತಿದ್ದಳೋ ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ಇಂಥ ಚಿತ್ರಗಳನ್ನು ತೋರಿಸುವ ವಾಹಿನಿಗಳು ಕೊನೆಯಲ್ಲಿ, ನಿಜವಾಗಿ ಯಾರಿಗೆ ಏನಾಯಿತೆಂದು ಕನ್ನಡದಲ್ಲಿ ನಾಲ್ಕು ಸಾಲು ಹಾಕಲಿ. ಅದಕ್ಕೆ ಒಂದು ನಿಮಿಷವೂ ಬೇಡ.

ಲೆಫ್ಟಿಯ ವಿಷಯವನ್ನು ಯಜಮಾನರಿಗೆ ನಾನೇ ಹೇಳಿದೆ. “ಆಮೇಲೆ ಹದಿಮೂರು ವರ್ಷ ಬದುಕಿದ್ದನೇ?” ಎಂದು ಎರಡು ಸಲ ಕೇಳಿದರು.

– ನಿವೃತ್ತ ಪೊಲೀಸರೊಬ್ಬರ ಪತ್ನಿ, ಹಾಸನ