ನಾಲ್ಕು ಬೆರಳು ಆಳದ ಗುಂಡಿ

ಒಂಟಾರಿಯೊ, ಕೆನಡಾ
ಏಪ್ರಿಲ್ 6

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕಾರು ಗುಂಡಿಗೆ ಬಿತ್ತು ಅಂತ ಮೊನ್ನೆ ಫೋನಿನಲ್ಲಿ ಹೇಳಿದ ಕೂಡಲೇ ನೀವು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಕೆನಡಾದಲ್ಲೂ ಗುಂಡಿಯಾ? ಹಾಗಾದ್ರೆ ನಾನು ಮೂವತ್ತು ವರ್ಷ ಜನರ ಹತ್ರ ಬೈಸಿಕೊಂಡಿದ್ದು ಸುಮ್ಮನೆ" ಅಂದಿರಿ. ಅಷ್ಟರಲ್ಲಿ ಅಮ್ಮ ಫೋನು ಕಸಿದುಕೊಂಡು ಅಪ್ಪೆಮಿಡಿಯ ಕಥೆ ಶುರುಮಾಡಿದಳು. ರಸ್ತೆ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡ ನಿಮಗೆ ಇದನ್ನು ಅರ್ಧಂಬರ್ಧ ಹೇಳಿ ಬಿಡುವುದು ಸರಿಯಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಆಗಿದ್ದು ಫೆಬ್ರವರಿ ಕೊನೆಯಲ್ಲಿ, ಕತ್ತಲಾದ ಮೇಲೆ. ಹಗಲೆಲ್ಲ ಹಿಮ ಕರಗಿ ರಸ್ತೆ ತುಂಬ ನೀರಿತ್ತು. ಗುಂಡಿಯಲ್ಲೂ ನೀರು ತುಂಬಿ ಎಲ್ಲ ಒಂದೇ ಮಟ್ಟಕ್ಕೆ ಕಾಣುತ್ತಿತ್ತು. ಮುಂದಿನ ಬಲಚಕ್ರ ಧಡಕ್ಕಂತ ಇಳಿಯಿತು. ಟೈರು ಪಕ್ಕದಲ್ಲಿ ಹರಿದು, ರಿಮ್ಮು ಬಗ್ಗಿ, ಅಲೈನ್‌ಮೆಂಟೂ ಸೇರಿ 780 ಡಾಲರ್ ಬಿಲ್ಲು. ರೂಪಾಯಿಗೆ ಲೆಕ್ಕ ಹಾಕಬೇಡಿ. ನಾನು ಹಾಕಿ ಒಂದು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೇನೆ.

ವಿಮೆ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಆದರೆ ಗುಂಡಿಗೆ ಬಿದ್ದದ್ದೂ ಇಲ್ಲಿ ಡಿಕ್ಕಿಯ ಲೆಕ್ಕಕ್ಕೇ ಸೇರುತ್ತದೆ. ಇನ್ನೊಂದು ಗಾಡಿ ಇಲ್ಲದ ಡಿಕ್ಕಿಯಾದ್ದರಿಂದ ತಪ್ಪು ಓಡಿಸಿದವರದ್ದೇ. ನನ್ನ ಪಾಲಿಸಿಯಲ್ಲಿ ಮೊದಲ 1000 ಡಾಲರ್ ನಾನೇ ಹಾಕಬೇಕು. ಅಲ್ಲಿಗೆ ಅದು ಮುಗಿಯಿತು.

ಗುಂಡಿ ಬೀಳುವ ಬಗೆ ಮಾತ್ರ ನಿಮಗೆ ಗೊತ್ತಿರುವುದೇ. ಟಾರಿಗೆ ನೀರೇ ಶತ್ರು ಅಂತ ನೀವು ಹೇಳುತ್ತಿದ್ದಿರಲ್ಲ, ಇಲ್ಲೂ ಹಾಗೇ. ಬಿರುಕಿನಲ್ಲಿ ನೀರು ಇಳಿಯುತ್ತದೆ, ರಾತ್ರಿ ಗಡ್ಡೆಕಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಅಮ್ಮ ಫ್ರೀಜರಿನಲ್ಲಿ ಮರೆತಿಟ್ಟ ಗಾಜಿನ ಬಾಟಲಿ ಸೀಳಿಹೋಗಿತ್ತಲ್ಲ, ಅದೇ ಲೆಕ್ಕ. ಬೆಳಗ್ಗೆ ಕರಗಿದಾಗ ಟಾರಿನ ಅಡಿಯಲ್ಲಿ ಜಾಗ ಪೊಳ್ಳಾಗಿರುತ್ತದೆ, ಮೇಲೆ ಒಂದು ಲಾರಿ ಹೋದರೆ ಕುಸಿಯುತ್ತದೆ. ಗಡಗಡ ಚಳಿಯ ಜನವರಿಗಿಂತ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಫೆಬ್ರವರಿ, ಮಾರ್ಚೇ ರಸ್ತೆಗೆ ಹೆಚ್ಚು ಕೇಡು. ನಮ್ಮಲ್ಲಿ ಮಳೆಗಾಲ ಮುಗಿಯದೆ ಡಾಂಬರು ಹಾಕುವುದಿಲ್ಲವಲ್ಲ, ಹಾಗೆಯೇ ಬಿಸಿ ಡಾಂಬರಿನ ಪ್ಲಾಂಟುಗಳು ಇಲ್ಲಿ ಚಳಿಗಾಲದಲ್ಲಿ ಮುಚ್ಚಿರುತ್ತವೆ. ಅವು ತೆರೆಯುವವರೆಗೆ ತಣ್ಣನೆಯ ಡಾಂಬರು ಮಿಶ್ರಣ ಸುರಿದು ತಟ್ಟಿ ಹೋಗುತ್ತಾರೆ. ಅಂಚು ಚೌಕವಾಗಿ ಕಡಿಯುವುದಿಲ್ಲ, ದೂಳು ಗುಡಿಸುವುದಿಲ್ಲ, ಟಾರು ಬಳಿಯುವುದಿಲ್ಲ. ನೀವು ನೋಡಿದ್ದರೆ ಗ್ಯಾಂಗಿನವರ ಕೈಯಿಂದ ಸಲಿಕೆ ಕಿತ್ತುಕೊಳ್ಳುತ್ತಿದ್ದಿರಿ.

ದುಡ್ಡು ಯಾರು ಕೊಡಬೇಕು ಅನ್ನುವುದಕ್ಕೆ ಇವರ ಹತ್ತಿರ ಒಂದು ಕೋಷ್ಟಕವೇ ಇದೆ, ಅಪ್ಪ. ರಸ್ತೆಯನ್ನು ಸುಸ್ಥಿತಿಯಲ್ಲಿಡುವುದು ನಗರಸಭೆಯ ಹೊಣೆ ಅಂತ ಇಲ್ಲಿನ 2001ರ ಮುನಿಸಿಪಲ್ ಕಾಯ್ದೆಯ 44ನೇ ಕಲಮು ಹೇಳುತ್ತದೆ. ಆದರೆ ಸುಸ್ಥಿತಿ ಅಂದರೇನು? ಅದಕ್ಕೆ 2002ರ ನಿಯಮಾವಳಿ ಬೇರೆ ಇದೆ. ಓಡಾಟ ಮತ್ತು ವೇಗದ ಮಿತಿ ನೋಡಿ ರಸ್ತೆಗಳನ್ನು ದರ್ಜೆ ಮಾಡಿದ್ದಾರೆ. ನಾನು ಬಿದ್ದದ್ದು ನಾಲ್ಕನೇ ದರ್ಜೆಯ ರಸ್ತೆ. ಅಲ್ಲಿ ಗುಂಡಿಯ ವಿಸ್ತೀರ್ಣ 1000 ಚದರ ಸೆಂಟಿಮೀಟರ್ ದಾಟಬೇಕು, ಆಳವೂ 8 ಸೆಂಟಿಮೀಟರ್ ದಾಟಬೇಕು. ಅಮ್ಮನ ದೊಡ್ಡ ದೋಸೆ ಕಾವಲಿಯಷ್ಟು ಅಗಲ, ನಾಲ್ಕು ಬೆರಳು ಆಳ ಅಂದುಕೊಳ್ಳಿ. ಅದಕ್ಕಿಂತ ಸಣ್ಣದಾದರೆ ಕಾನೂನಿನ ಕಣ್ಣಿಗೆ ರಸ್ತೆ ಚೆನ್ನಾಗಿಯೇ ಇದೆ! ದೊಡ್ಡದಾದರೂ, ವಿಷಯ ತಿಳಿದ ದಿನದಿಂದ ಮುಚ್ಚಲು 14 ದಿನ ಅವಕಾಶ. ಪಕ್ಕದ ಪ್ರಾಂತ್ಯ ಕ್ವಿಬೆಕ್‌ನವರದ್ದು ಇನ್ನೂ ನೇರ: ಪ್ರಾಂತ್ಯದ ರಸ್ತೆಯಲ್ಲಿ ಟೈರು, ಸಸ್ಪೆನ್ಶನ್ ಹಾಳಾದರೆ ಸರ್ಕಾರ ಜವಾಬ್ದಾರಿಯಲ್ಲ ಅಂತ ಕಾಯ್ದೆಯಲ್ಲೇ ಬರೆದುಕೊಂಡಿದ್ದಾರೆ.

ಪರಿಹಾರ ಕೇಳುವುದಾದರೆ 10 ದಿನದೊಳಗೆ ನಗರಸಭೆಯ ಕ್ಲರ್ಕಿಗೆ ಲಿಖಿತವಾಗಿ ತಿಳಿಸಬೇಕು. ಕ್ಲರ್ಕ್ ಅಂದರೆ ಗುಮಾಸ್ತರಲ್ಲ, ದೊಡ್ಡ ಹುದ್ದೆ. ಮಾರನೆಯ ದಿನವೇ ಹೋಗಿ, ಅಡುಗೆಮನೆಯ ಸ್ಕೇಲು ಇಳಿಸಿ ಫೋಟೊ ತೆಗೆದೆ. 11 ಸೆಂಟಿಮೀಟರ್ ಆಳ! ಗೆದ್ದೆ ಅಂದುಕೊಂಡು ಫೋಟೊ, ಬಿಲ್ಲು, ನಕಾಶೆ ಎಲ್ಲ ಸೇರಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಐದು ವಾರಕ್ಕೆ ಉತ್ತರ ಬಂತು. ಬಹಳ ವಿನಯದ ಭಾಷೆ. ಈ ಗುಂಡಿಯ ಬಗ್ಗೆ ನಮಗೆ ಬಂದ ಮೊದಲ ದೂರೇ ನಿಮ್ಮದು. ರಸ್ತೆ ನೋಡಿಕೊಂಡು ಬರುವ ಗಸ್ತನ್ನು ನಿಯಮದಂತೆ ಮಾಡಿದ್ದೇವೆ. ತಿಳಿದ ನಾಲ್ಕು ದಿನಕ್ಕೆ ಮುಚ್ಚಿದ್ದೇವೆ. ಆದ್ದರಿಂದ ಪರಿಹಾರ ಸಾಧ್ಯವಿಲ್ಲ. ಕೊನೆಗೆ, ತಿಳಿಸಿದ್ದಕ್ಕೆ ಧನ್ಯವಾದ.

ಫೋನಿನಲ್ಲಿ ಹೇಳದೆ ಬಿಟ್ಟ ವಿಷಯ ಇದು. ಆ ಗುಂಡಿ ನನಗೆ ಹೊಸತಾಗಿರಲಿಲ್ಲ, ಅಪ್ಪ. ಮೂರು ವಾರದಿಂದ ದಿನಾ ನೋಡುತ್ತಿದ್ದೆ. ಬೆಳಗ್ಗೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸುವುದು ಅಭ್ಯಾಸವೇ ಆಗಿಹೋಗಿತ್ತು. ಮುಂದಿನ ಗಾಡಿಯವರೂ ಹಿಂದಿನವರೂ ಅದನ್ನೇ ಮಾಡುತ್ತಿದ್ದರು. ಯಾರಾದರೂ ಫೋನು ಮಾಡಿರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಒಬ್ಬರು ಮಾಡಿದ್ದರೂ ಆ 14 ದಿನ ಮುಗಿದು, ಇವತ್ತು ಪತ್ರ ಬೇರೆ ಥರ ಬರುತ್ತಿತ್ತು. ನಗರಸಭೆಯವರ ಮೇಲೆ ಸಿಟ್ಟಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಸಿಟ್ಟನ್ನು ಪೂರ್ತಿ ಅವರ ಮೇಲೆ ಹಾಕಲು ಆಗುತ್ತಿಲ್ಲ.

"ನಮ್ಮಲ್ಲಾದ್ರೆ ಹಣೆಬರಹ ಅಂತ ಸುಮ್ಮನಾಗ್ತೀವಿ" ಅಂದಿರಲ್ಲ, ಅಲ್ಲೂ ಕಾನೂನು ಇಲ್ಲವೆಂದಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಮಿನಲ್ಲಿ ಕಂಟ್ರಾಕ್ಟರಿಗೂ ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಅದಕ್ಕೆ ಯಾರಾದರೂ ಸಾಯಬೇಕು, ಇಲ್ಲ ಕೈಕಾಲು ಕಳೆದುಕೊಳ್ಳಬೇಕು. ಬಗ್ಗಿದ ರಿಮ್ಮಿಗಲ್ಲ.

ಈಗ ನಮ್ಮ ಬಸ್ ಸ್ಟಾಪಿನ ಹತ್ತಿರ ಇನ್ನೊಂದು ಬಾಯಿ ತೆರೆಯುತ್ತಿದೆ. ನಿನ್ನೆ ಅಳೆದೆ, 6 ಸೆಂಟಿಮೀಟರ್. ಆದರೂ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಂಡಿದ್ದೇನೆ. ನನ್ನ ಹಳೆಯ ಗುಂಡಿಗೆ ಸುರಿದ ತಣ್ಣನೆಯ ಮಿಶ್ರಣ ಆಗಲೇ ಅಂಚಿನಲ್ಲಿ ಬಿಡುತ್ತಿದೆ. ಫೋಟೊ ತಮ್ಮನ ವಾಟ್ಸಾಪಿಗೆ ಕಳಿಸಿದ್ದೇನೆ, ದೊಡ್ಡದು ಮಾಡಿ ನೋಡಿ ಎಷ್ಟು ದಿನ ಬಾಳುತ್ತದೆ ಹೇಳಿ. ಮತ್ತೆ, ತೀರ್ಥಹಳ್ಳಿಗೆ ಹೋಗುವಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ. ಸುಮ್ಮನೆ ತಲೆ ಮೇಲೆ ಇಟ್ಟುಕೊಂಡು ಹೋಗುತ್ತೀರಂತೆ, ಅಮ್ಮ ಹೇಳಿದಳು.

ಇಂತಿ ನಿಮ್ಮ ಮಗಳು