ಪೇಷೆಂಟ್ ಕಡೆಯವರನ್ನೂ ಒಮ್ಮೆ ಮಾತಾಡಿಸಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ 26 ಬಂತೆಂದರೆ ಮಾದಕ ವಸ್ತು ವಿರೋಧಿ ದಿನದ ಜಾಥಾ, ಭಾಷಣದ ಫೋಟೊಗಳು ಪೇಪರಿನಲ್ಲಿ ಬರುತ್ತವೆ. ಕುಡಿಯುವವರಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಅವರನ್ನು ಆಟೊ ಹತ್ತಿಸಿಕೊಂಡು ಆಸ್ಪತ್ರೆಗೆ ಓಡುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಾನು ಅಂಥವಳೊಬ್ಬಳು.

ನನ್ನ ತಮ್ಮ ಟೈಲರ್. ನಮ್ಮ ಅರಸೀಕೆರೆ ಕಡೆ ಮದುವೆ ಬ್ಲೌಸ್ ಅಂದರೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಈಗ ಬೆಳಿಗ್ಗೆ ಹೊತ್ತು ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ, ಕೈ ಅಷ್ಟು ನಡುಗುತ್ತದೆ. ಮೊನ್ನೆ ನನ್ನನ್ನೇ ಕರೆದು "ಅಕ್ಕಾ, ಇದೊಂದು ಪೋಣಿಸಿ ಕೊಡೇ" ಅಂದ. ಕೊಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ. ನನ್ನ ಮದುವೆಗೆ ಅವನು ಹೊಲಿದ ಹಸಿರು ಬ್ಲೌಸ್ ಇನ್ನೂ ಟ್ರಂಕಿನಲ್ಲಿದೆ. ಅದನ್ನು ಹೊಲಿದ ಹುಡುಗ ಎಲ್ಲಿ ಹೋದ ಅಂತ ಯಾರನ್ನು ಕೇಳಲಿ?

ಸಾವಿನ ಮನೆಗೆ ಜನ ಬರುತ್ತಾರೆ. ಪಕ್ಕದ ಮನೆಯವರು ಅನ್ನ ಸಾರು ತಂದುಕೊಡುತ್ತಾರೆ. ಹನ್ನೊಂದು ದಿನ ಅಂತ ಒಂದು ಲೆಕ್ಕವಾದರೂ ಇರುತ್ತದೆ. ನಮ್ಮದಕ್ಕೆ ತಿಥಿಯೂ ಇಲ್ಲ. ಮೂರು ತಿಂಗಳು ಬಿಡುತ್ತಾನೆ, ಮಷಿನ್ ಸದ್ದು ಕೇಳಿ ನಾವು ಹಿಗ್ಗುತ್ತೇವೆ. ಒಂದು ದಿನ ಸದ್ದು ನಿಲ್ಲುತ್ತದೆ. ಮನೆಗೆ ಬರುವವರು "ನೀನೇ ಸಲಿಗೆ ಕೊಟ್ಟು ಕೆಡಿಸಿದೆ" ಅನ್ನಲು ಬರುತ್ತಾರೆ, ಅಷ್ಟೆ.

2007ರಲ್ಲಿ ಸಾರಾಯಿ ನಿಷೇಧವಾದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಸಾರಾಯಿ ಹೋದ ಜಾಗಕ್ಕೆ 90 ಎಂಎಲ್ ಪ್ಯಾಕೆಟ್ ಬಂತು. ದೀಪದ ತುಪ್ಪ ದಂಡ.

ಒಮ್ಮೆ ನಾವೇ ಅವನನ್ನು ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸಲು ಹೋದೆವು. ಮೂರನೇ ದಿನ ಗೋಡೆ ತುಂಬಾ ಹುಳ ಅಂತ ಕಿರುಚಾಡಿದ. ಒಂದು ಹುಳವೂ ಇರಲಿಲ್ಲ. ವರ್ಷಗಟ್ಟಲೆ ಜಾಸ್ತಿ ಕುಡಿದವರು ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡಾಕ್ಟರ ಹತ್ತಿರವೇ ಬಿಡಿಸಬೇಕು ಅಂತ ಆಸ್ಪತ್ರೆಯಲ್ಲಿ ಬೈಸಿಕೊಂಡ ಮೇಲೆ ಗೊತ್ತಾಯಿತು. ಅಲ್ಲಿ "ಪೇಷೆಂಟ್ ಕಡೆಯವರು ಯಾರು?" ಅಂತ ದಿನಕ್ಕೆ ಹತ್ತು ಸಲ ಕೂಗಿದರು. ಸಹಿಗೆ, ದುಡ್ಡಿಗೆ, ಮಾತ್ರೆ ಚೀಟಿಗೆ. ನೀವು ಹೇಗಿದ್ದೀರಿ ಅಂತ ಕೇಳಲು ಒಂದು ಸಲವೂ ಅಲ್ಲ.

ಹಾಗೆ ಕೇಳಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು. ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ತಮ್ಮನ ವಿಷಯ ಹೇಳಿ ಮುಗಿಸಿದ ಮೇಲೆ ಆ ಹುಡುಗಿ "ನೀವು ಊಟ ಮಾಡಿದ್ರಾ ಮೇಡಂ?" ಅಂದಳು. ಮಾಡಿರಲಿಲ್ಲ.

ಕುಡಿಯುವವರ ಮನೆಯವರಿಗೇ ಅಂತ ಅಮೆರಿಕದಲ್ಲಿ 1951ರಲ್ಲೇ ಅಲ್-ಅನಾನ್ ಅನ್ನುವ ಕೂಟ ಶುರುವಾಗಿದೆ. ಬೆಂಗಳೂರಿನಲ್ಲೂ ಅದರ ಸಭೆಗಳು ನಡೆಯುತ್ತವೆ. ಆದರೆ ಒಂದು ಗಂಟೆಯ ಸಭೆಗೆ ನಾವು ಟ್ರೈನ್ ಹತ್ತಿ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು. ತಾಲ್ಲೂಕು ಆಸ್ಪತ್ರೆಯಲ್ಲೇ ವಾರಕ್ಕೊಂದು ಗಂಟೆ ನಮ್ಮಂಥವರನ್ನು ಕೂರಿಸಲು ಒಂದು ಕೋಣೆ, ನಾಲ್ಕು ಕುರ್ಚಿ, ವಿಷಯ ತಿಳಿದ ಒಬ್ಬರು ಸಿಕ್ಕರೆ ಸಾಕು. ಆರೋಗ್ಯ ಇಲಾಖೆ ಇಷ್ಟನ್ನು ಮಾಡಲಿ. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ ಅಲ್ವಾ?

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಅವನಿಗೆ ಬೆಳಿಗ್ಗೆ ಎದ್ದ ಕೂಡಲೇ ಪೇಪರ್ ಬೇಕು. ಓದುಗರ ಪತ್ರಗಳನ್ನೇ ಮೊದಲು ಓದುತ್ತಾನೆ.

– ಒಬ್ಬ ಅಕ್ಕ, ಅರಸೀಕೆರೆ ತಾಲ್ಲೂಕು