ಅವಳನ್ನೇ ಕೇಳಿದ ಅಕ್ಕನಿಗೆ

ಮಗಳಿಗೆ 18 ತುಂಬಿತು. ಅವಳ ಕಾನೂನುಬದ್ಧ ಪಾಲಕರು ಅಂತ ಕೊಡುವ ಗಾರ್ಡಿಯನ್ ಸರ್ಟಿಫಿಕೇಟ್ ಕೂಡ ಮೊನ್ನೆ ಕೈಗೆ ಬಂತು. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡ್ಲಿಕ್ಕೆ ಆಗಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಬೌದ್ಧಿಕ ಅಂಗವೈಕಲ್ಯ ಇರುವ ಮಗಳಂಥ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ಟೀಚರ್‌ಗಳು, ಆಯಮ್ಮ, ನಮ್ಮ ವಾರ್ಡಿನ ಮೆಂಬರ್, ಮಲಯಾಳದ ಅರ್ಜಿಗಳನ್ನು ಕೂತು ತುಂಬಿಸಿ ಕೊಟ್ಟ ಅಕ್ಷಯ ಸೆಂಟರಿನ ಹುಡುಗ, ಬದಿಯಡ್ಕದಿಂದ ಕಾಸರಗೋಡಿನ ವಿದ್ಯಾನಗರದ ಜಿಲ್ಲಾ ಕಚೇರಿಗೆ ಕರಕೊಂಡು ಹೋಗಿ ಕಾದು ಕೂತ ರಿಕ್ಷಾದಣ್ಣ, ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್.

ಪಕ್ಕದ ಮನೆಯ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೀಬೇಕು.

2020ರ ಲಾಕ್‌ಡೌನ್. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ದೊಡ್ಡ ಕಾಯಿಲೆ ಅಂದ್ರೆ ಮಂಗಳೂರಿಗೆ ಓಡುವವರು ನಾವು, ಅಂಥ ಹೊತ್ತಿನಲ್ಲಿ ದಾರಿಯೇ ಇಲ್ಲ. ಅವಳಿಗೆ ಫಿಟ್ಸ್ ಬಂದ ಆ ರಾತ್ರಿಯ ಕತೆ ಹತ್ತಿರದವರಿಗೆಲ್ಲ ಗೊತ್ತು, ಮತ್ತೆ ಹೇಳೋದಿಲ್ಲ. ಒಬ್ಬರನ್ನೊಬ್ಬರು ಮುಟ್ಟಲು ಹೆದರುತ್ತಿದ್ದ ಕಾಲ. ಅಕ್ಕ ಸೆರಗನ್ನೇ ಮುಖಕ್ಕೆ ಕಟ್ಟಿಕೊಂಡು ನಮ್ಮ ಜೊತೆ ಜೀಪು ಹತ್ತಿದರು. ಸಿಕ್ಕಿದ ಆಸ್ಪತ್ರೆಯಲ್ಲಿ ಬೆಳಗಿನ ತನಕ ಅವಳ ಮಂಚದ ಪಕ್ಕ ನಿಂತೇ ಇದ್ದರು. ಪ್ರತಿಸಲ ಸೂಜಿ ಚುಚ್ಚುವ ಮೊದಲು ಅವಳ ಕಿವಿ ಹತ್ತಿರ ಬಾಗಿ, "ಈಗ ಎಡಗೈಗೆ, ಸ್ವಲ್ಪ ನೋಯ್ತದೆ, ಆಗ್ಬಹುದಾ ಮಗಾ?" ಅಂತ ಕೇಳುತ್ತಿದ್ದರು. ಅವಳಿಗೆ ಪೂರ್ತಿ ಎಚ್ಚರವೂ ಇರಲಿಲ್ಲ. ಆದ್ರೂ ಕೇಳುತ್ತಿದ್ದರು.

ಆ ರಾತ್ರಿ ನನ್ನ ಬಾಯಿಂದ "ನನಗಿಂತ ಒಂದು ದಿನ ಮೊದಲು ಇವಳು ಹೋಗಲಿ ದೇವರೇ" ಅಂತ ಬಂತು. ಇಂಥ ಮಕ್ಕಳ ಅಮ್ಮಂದಿರಲ್ಲಿ ಇದನ್ನು ಮನಸ್ಸಿನಲ್ಲಾದರೂ ಹೇಳಿಕೊಳ್ಳದವರು ಕಡಿಮೆ. ನಾವು ಹೋದ ಮೇಲೆ ಯಾರು ನೋಡ್ತಾರೆ ಅನ್ನುವ ಹೆದರಿಕೆ ಅದು. ಅಕ್ಕನಿಗೆ ಸಿಟ್ಟು ಬಂತು. "ಅದು ಅವಳ ಜೀವ. ಹೋಗ್ಲಿ ಅಂತ ಹೇಳ್ಲಿಕ್ಕೆ ನೀನು ಯಾರು?" ಅಂದರು. ಆಮೇಲೆ ನನ್ನನ್ನು ತಬ್ಬಿಕೊಂಡು ಅವರೂ ಅತ್ತರು.

ಗಾರ್ಡಿಯನ್ ಅರ್ಜಿ ಹಾಕುವಾಗ ಆ ಮಾತೇ ನೆನಪಾಗುತ್ತಿತ್ತು. 18 ಆದ ಮೇಲೆ ಅಪ್ಪ ಅಮ್ಮನೂ ತಾನಾಗಿ ಗಾರ್ಡಿಯನ್ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನ ಪ್ರಕಾರ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿ ನೇಮಿಸಿದ ಮೇಲೆ ಆರು ತಿಂಗಳೊಳಗೆ ಅವಳ ಆಸ್ತಿಯ ಪಟ್ಟಿ ಕೊಡಬೇಕು, ಯಾಕಂದ್ರೆ ಅದು ಅವಳದ್ದು, ನಮ್ಮದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇನ್ನೂ ಮುಂದೆ ಹೋಗಿ, ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಸೇರಿ ತೀರ್ಮಾನ ಮಾಡುವ ಸೀಮಿತ ಗಾರ್ಡಿಯನ್‌ಶಿಪ್ ಬಗ್ಗೆ ಹೇಳ್ತದೆ. ನಮ್ಮ ಪೈಕಿ ಕೆಲವು ಅಪ್ಪ ಅಮ್ಮಂದಿರಿಗೆ ಇದು ಹಿಡಿಸೋದಿಲ್ಲ. ಮಕ್ಕಳು ಮೋಸ ಹೋಗ್ತಾರೆ, ಎಲ್ಲ ನಮ್ಮ ಕೈಯಲ್ಲೇ ಇರಲಿ ಅಂತಾರೆ. ಅವರ ಹೆದರಿಕೆ ಸುಳ್ಳಲ್ಲ, ನನಗೂ ಇದೆ. ಆದ್ರೆ ಕಾಯೋದಕ್ಕೆ ಅಂತ ಕೊಟ್ಟ ಕಾಗದ ಇಟ್ಟುಕೊಂಡು ಅವಳ ಬಾಯಿ ಮುಚ್ಚಿಸಬಾರದು, ಅಲ್ವಾ?

ಸಮಿತಿಯ ವಿಚಾರಣೆಯ ದಿನವೂ ಅಕ್ಕ ಬಂದಿದ್ದರು. ಪ್ರಶ್ನೆ ಮಲಯಾಳದಲ್ಲಿ ಬಂತು, ಮಗಳಿಗೆ ಬರುವುದು ಕನ್ನಡ ಮತ್ತು ತುಳು. ನಾನು ಉತ್ತರ ಕೊಡುವ ಮೊದಲೇ ಅಕ್ಕ ಅದನ್ನು ಅವಳಿಗೆ ತುಳುವಿನಲ್ಲಿ ನಿಧಾನಕ್ಕೆ ಕೇಳಿದರು, ಯಾರೊಟ್ಟಿಗೆ ಇರ್ಲಿಕ್ಕೆ ಇಷ್ಟ ಅಂತ. ಅಲ್ಲಿದ್ದವರೆಲ್ಲ ಕಾದರು. ತುಂಬಾ ಹೊತ್ತಾದ ಮೇಲೆ ಹೇಳಿದಳು, ಅಮ್ಮನೊಟ್ಟಿಗೆ, ಪೈಸೆ ಮಾತ್ರ ನನ್ನ ಕೈಗೇ ಕೊಡ್ಬೇಕು. ಶಾಲೆಯಲ್ಲಿ ಪೇಪರ್ ಕವರ್ ಮಾಡಿ ಸಿಗುವ ದುಡ್ಡಿನ ಮಾತು ಅದು. ಈಗ ಅವಳ ಕೈಗೇ ಕೊಡ್ತೇವೆ. ಮೊದಲು ತಗೊಂಡದ್ದು ಕಡುಹಸಿರು ಬಳೆ. ನನಗೆ ಆ ಬಣ್ಣ ಹಿಡಿಸಲಿಲ್ಲ, ಅವಳಿಗೆ ಹಿಡಿಸಿದೆ.

ಅಕ್ಕಾ, ನಿಮ್ಮ ಋಣ ತೀರಿಸ್ಲಿಕ್ಕೆ ನನ್ನಿಂದ ಆಗದು.

ಅರ್ಜಿ ಹಾಕಲಿಕ್ಕೆ ಇರುವ ಅಪ್ಪ ಅಮ್ಮಂದಿರು ಸುಮ್ನೆ ಮನೆಗೆ ಬನ್ನಿ, ಯಾವ ಯಾವ ಕಾಗದ ಬೇಕು ಅಂತ ಹೇಳ್ತೇನೆ. ಈ ಬರಹವನ್ನು ಮಗಳಿಗೆ ಓದಿ ಹೇಳಿದ್ದೇನೆ. ಹಾಕು ಅಂದಳು, ಫೋಟೋ ಬೇಡ ಅಂದಳು. ಹಾಗಾಗಿ ಹಾಕಿಲ್ಲ.